ಇಪ್ಪತ್ತು ವರ್ಷ ದಾಟಿದ ಗಾಳಿಯಂತ್ರ: ಅದರ ಪಾಯ ಗಟ್ಟಿಯಿದೆಯೇ ಎಂದು ತಿಳಿಯುವುದು ಹೇಗೆ?

ಚಿತ್ರದುರ್ಗದವರಿಗೆ ಗಾಳಿಯಂತ್ರ ಹೊಸದೇನಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಅವು ನಾನು ಹುಟ್ಟುವ ಮೊದಲೇ ತಿರುಗುತ್ತಿದ್ದವು. ಹಳ್ಳಿಯ ಕಡೆ ಅವನ್ನು ‘ಫ್ಯಾನು’ ಅನ್ನುತ್ತಾರೆ, ನಮ್ಮ ಮನೆಯಲ್ಲಿ ‘ಪಂಖಾ’. ಎಲ್ಲರೂ ನೋಡುವುದು ರೆಕ್ಕೆಯನ್ನೇ. ಈ ಲೇಖನ ಅದರ ಕೆಳಗೆ ಮಣ್ಣಿನಲ್ಲಿ ಹೂತಿರುವ ಕಾಂಕ್ರೀಟಿನ ಬಗ್ಗೆ. ಮೇಸ್ತ್ರಿಗಳು ಅದನ್ನು ಪಾಯ ಅನ್ನುತ್ತಾರೆ, ಪುಸ್ತಕದಲ್ಲಿ ತಳಪಾಯ ಎಂದಿರುತ್ತದೆ, ಉರ್ದುವಿನಲ್ಲಿ ಬುನಿಯಾದ್.

ಕಾಮರ್ಸ್ ಓದುವವನಿಗೆ ಕಾಂಕ್ರೀಟಿನ ಗೊಡವೆ ಏಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಎರಡು ಕಾರಣಗಳಿವೆ. ಅಮ್ಮಿಯ ತಮ್ಮ, ಅಂದರೆ ನನ್ನ ಮಾಮು, ಹನ್ನೊಂದು ವರ್ಷದಿಂದ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದಾರೆ. ಬೋಲ್ಟ್ ಬಿಗಿಮಾಡುವುದು, ಎಣ್ಣೆ ಬದಲಿಸುವುದು, ಏಣಿ ಹತ್ತಿ ಮೇಲೆ ಹೋಗುವುದು ಅವರ ದಿನದ ಕೆಲಸ. ಅವರು ನೋಡಿಕೊಳ್ಳುವ ಯಂತ್ರಗಳಿಗೆ ಈಗ ಇಪ್ಪತ್ತು ವರ್ಷ ತುಂಬಿದೆ. ಅವನ್ನು ಕಳಚಬೇಕೋ ಇನ್ನೂ ಕೆಲವು ವರ್ಷ ಓಡಿಸಬೇಕೋ ಎಂಬ ಮಾತು ನಡೆಯುತ್ತಿದೆ. ಕಳಚಿದರೆ ಮಾಮುವಿನ ಕೆಲಸಕ್ಕೆ ಸಂಚಕಾರ. ಓಡಿಸಿದರೆ ಅದರ ಬುಡದಲ್ಲಿ ನಿಲ್ಲುವವರು ಅವರೇ. ಎರಡನೆಯ ಕಾರಣ ನಮ್ಮ ಅಕೌಂಟೆನ್ಸಿ ಪುಸ್ತಕದ ಸವಕಳಿ ಅಧ್ಯಾಯ. ಒಂದು ಆಸ್ತಿಯ ‘ಉಪಯುಕ್ತ ಆಯುಷ್ಯ’ ಇಷ್ಟು ವರ್ಷ ಎಂದು ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ನಾವು ಭಾಗಿಸುತ್ತೇವೆ, ಉತ್ತರ ಬರುತ್ತದೆ. ಆ ವರ್ಷ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಗಾಳಿಯಂತ್ರದ ಮಟ್ಟಿಗೆ ಕೇಳಿ ನೋಡಿದೆ. ಒಂದಲ್ಲ, ಮೂರು ಉತ್ತರ ಸಿಕ್ಕಿತು. ಯಂತ್ರದ ವಿನ್ಯಾಸಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 61400-1 ಕನಿಷ್ಠ 20 ವರ್ಷ ಎನ್ನುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ 22 ವರ್ಷ ಎಂದಿದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ವಿದ್ಯುತ್ ದರ ನಿಗದಿಗೆ ಹಿಡಿಯುವುದು 25 ವರ್ಷ. ತೆರಿಗೆ ಲೆಕ್ಕ ಇದಕ್ಕಿಂತ ವಿಚಿತ್ರ. 2012ರ ಮಾರ್ಚ್‌ವರೆಗೆ ಗಾಳಿಯಂತ್ರಕ್ಕೆ ವರ್ಷಕ್ಕೆ ಶೇ 80ರಷ್ಟು ಸವಕಳಿ ತೋರಿಸಲು ಅವಕಾಶವಿತ್ತು. ಕುಗ್ಗುವ ಬಾಕಿ ಪದ್ಧತಿಯಲ್ಲಿ ನೀವೇ ಮಾಡಿ ನೋಡಿ: 100 ರೂಪಾಯಿಯ ಯಂತ್ರ ಮೊದಲ ವರ್ಷದ ಕೊನೆಗೆ 20, ಎರಡನೆಯ ವರ್ಷ 4, ಮೂರನೆಯ ವರ್ಷ 80 ಪೈಸೆ. ತೆರಿಗೆ ಪುಸ್ತಕದಲ್ಲಿ ಯಂತ್ರ ಮುಗಿದೇ ಹೋಯಿತು. ಗುಡ್ಡದ ಮೇಲೆ ಅದರ ಪಾಯದ ಕಾಂಕ್ರೀಟು ಆಗಿನ್ನೂ ಎಳೆಯದು.

ಈ ಮೂರೂ ಸಂಖ್ಯೆಗಳು ಯಾರೋ ಮೊದಲೇ ಹಿಡಿದ ಅಂದಾಜುಗಳು. ಯಾವುದನ್ನೂ ಗುಡ್ಡಕ್ಕೆ ಹೋಗಿ ಅಳೆದದ್ದಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಎಕ್ಸ್‌ಪೈರಿ ದಿನಾಂಕದಂತೆ 20 ವರ್ಷವಾದ ಮರುದಿನ ಪಾಯ ಕೆಡುವುದಿಲ್ಲ. ಹಾಗೆಯೇ 20 ತುಂಬುವವರೆಗೆ ಗಟ್ಟಿಯಾಗಿಯೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಗೊತ್ತಾಗಬೇಕಾದರೆ ಹೋಗಿ ನೋಡಬೇಕು, ಅಳೆಯಬೇಕು.

ಮೊದಲು ಈ ಪಾಯದ ಕೆಲಸವೇನು ಎಂದು ತಿಳಿಯೋಣ. ಮನೆಯ ಪಾಯ ಮುಖ್ಯವಾಗಿ ಭಾರ ಹೊರುತ್ತದೆ. ಗಾಳಿಯಂತ್ರದ ಪಾಯ ಮುಖ್ಯವಾಗಿ ಉರುಳದಂತೆ ಹಿಡಿಯುತ್ತದೆ. ನಮ್ಮ ನಮಾಜ್ ಕೋಣೆಯಲ್ಲಿರುವ ಪೆಡೆಸ್ಟಲ್ ಫ್ಯಾನಿನ ಕೆಳಗೆ ಭಾರದ ಕಬ್ಬಿಣದ ತಟ್ಟೆ ಇದೆಯಲ್ಲ, ಅದರ ಕೆಲಸವೇ ಇದರದ್ದೂ. ಒಂದು ಉದಾಹರಣೆ ಲೆಕ್ಕ ಹಾಕೋಣ. 2000ದ ದಶಕದ ಆರಂಭದಲ್ಲಿ ಬಂದ 600 ಕಿಲೋವಾಟಿನ ಯಂತ್ರದ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ ಸುಮಾರು 44 ಮೀಟರ್. ವಿಸ್ತೀರ್ಣ ಸುಮಾರು 1,520 ಚದರ ಮೀಟರ್, ಅಂದರೆ ಹದಿನೈದು ಗುಂಟೆ ಹೊಲವನ್ನು ಎತ್ತಿ ಗಾಳಿಗೆ ಅಡ್ಡ ನಿಲ್ಲಿಸಿದಂತೆ. ಒಳ್ಳೆಯ ಗಾಳಿಯಲ್ಲಿ ಅದರ ಮೇಲೆ ಬೀಳುವ ನೂಕು ಸುಮಾರು 7 ಟನ್. ನೂಕು ಬೀಳುವುದು 50 ಮೀಟರ್ ಎತ್ತರದಲ್ಲಿ. 7ನ್ನು 50ರಿಂದ ಗುಣಿಸಿದರೆ 350 ಟನ್-ಮೀಟರ್. ಒಂದು ಮೀಟರ್ ಉದ್ದದ ಸನ್ನೆಗೋಲಿನ ತುದಿಗೆ 350 ಟನ್ ಜೋತುಹಾಕಿದರೆ ಬುಡಕ್ಕೆ ಎಷ್ಟು ತಿರುಚು ಬೀಳುತ್ತದೋ ಅಷ್ಟು. ಇದು ದಿನನಿತ್ಯದ್ದು, ಬಿರುಗಾಳಿಯ ಲೆಕ್ಕ ಬೇರೆ.

ಇದನ್ನು ತಡೆಯಲು ಅಗಲವಾದ, ಸಾಮಾನ್ಯವಾಗಿ ಎಂಟು ಮೂಲೆಯ ಅಥವಾ ದುಂಡನೆಯ ಕಾಂಕ್ರೀಟು ಹಾಸನ್ನು ನೆಲದೊಳಗೆ ಹಾಕಿ ಮೇಲೆ ಮಣ್ಣು ಮುಚ್ಚುತ್ತಾರೆ. ಆ ಮಣ್ಣೂ ಲೆಕ್ಕದ ಭಾಗ ಎಂಬುದು ನನಗೆ ಹೊಸ ವಿಷಯವಾಗಿತ್ತು. ಹಾಸಿನ ಮೇಲೆ ಕೂತ ಮಣ್ಣಿನ ತೂಕವೂ ಯಂತ್ರ ಉರುಳದಂತೆ ಒತ್ತಿ ಹಿಡಿಯುತ್ತದೆ. ಆದ್ದರಿಂದ ಯಂತ್ರದ ಸುತ್ತಲಿನ ಮೊರಂ ಅಗೆದು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋಗುವುದು, ಮಳೆ ನೀರು ಅಲ್ಲಿ ಕೊರಕಲು ಮಾಡಿದ್ದನ್ನು ಹಾಗೇ ಬಿಡುವುದು ಎಂದರೆ ಪೆಡೆಸ್ಟಲ್ ಫ್ಯಾನಿನ ತಟ್ಟೆಯಿಂದ ಒಂದೊಂದೇ ಚೂರು ಕತ್ತರಿಸಿದಂತೆ. ಪರೀಕ್ಷೆಗೆ ಹೋದವರು ಮೊದಲು ನೋಡಬೇಕಾದದ್ದು ಈ ಮಣ್ಣನ್ನೇ. ಅದಕ್ಕೆ ಯಾವ ಉಪಕರಣವೂ ಬೇಡ, ಹಳೆಯ ನಕ್ಷೆ ಮತ್ತು ಒಂದು ಅಳತೆ ಟೇಪು ಸಾಕು.

ಹಳತಾಗುವುದು ಎಂದರೇನು ಎಂಬ ಪ್ರಶ್ನೆಗೆ ಬರೋಣ. ಸೇತುವೆಯ ಮೇಲೆ ಲಾರಿ ಹೋದಾಗ ಮಾತ್ರ ಭಾರ ಬಂದು ಹೋಗುತ್ತದೆ. ಗಾಳಿಯಂತ್ರಕ್ಕೆ ಬಿಡುವಿಲ್ಲ. ನಿಮಿಷಕ್ಕೆ 20 ಸುತ್ತು, ವರ್ಷಕ್ಕೆ 6,000 ಗಂಟೆ ತಿರುಗಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 72 ಲಕ್ಷ ಸುತ್ತು. ಮೂರು ರೆಕ್ಕೆ ಒಂದೊಂದಾಗಿ ಕಂಬದ ಮುಂದೆ ಹಾಯುವುದರಿಂದ 2 ಕೋಟಿ 16 ಲಕ್ಷ ಸಣ್ಣ ತಟ್ಟು. ಇಪ್ಪತ್ತು ವರ್ಷಕ್ಕೆ 43 ಕೋಟಿಗೂ ಹೆಚ್ಚು. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಆ ದಣಿವು ಉಕ್ಕಿಗೂ ಇದೆ, ಕಾಂಕ್ರೀಟಿಗೂ ಇದೆ.

ದಣಿವಿನ ಲೆಕ್ಕ ಕಾಮರ್ಸಿನವರಿಗೆ ಬೇಗ ಅರ್ಥವಾಗುತ್ತದೆ. 1924ರಲ್ಲಿ ಸ್ವೀಡನ್ನಿನ ಪಾಮ್‌ಗ್ರೆನ್, 1945ರಲ್ಲಿ ಅಮೆರಿಕದ ಮೈನರ್ ಎಂಬ ಎಂಜಿನಿಯರುಗಳು ಹೇಳಿದ ನಿಯಮವಿದು: ಪ್ರತಿ ತಟ್ಟೂ ವಸ್ತುವಿನ ಆಯುಷ್ಯದ ಒಂದು ಸಣ್ಣ ಪಾಲನ್ನು ತಿನ್ನುತ್ತದೆ, ಪಾಲುಗಳ ಮೊತ್ತ ಒಂದಾದಾಗ ಆಯುಷ್ಯ ಮುಗಿಯಿತು. ಜಮಾ ಇಲ್ಲದೆ ಬರೀ ಖರ್ಚು ಬೀಳುವ ಖಾತೆ ಎಂದುಕೊಳ್ಳಿ. ಎಲ್ಲ ಖರ್ಚೂ ಒಂದೇ ಸಮ ಅಲ್ಲ. ಬೆಸುಗೆ ಹಾಕಿದ ಉಕ್ಕಿನಲ್ಲಿ ತಟ್ಟಿನ ಬಲ ಎರಡು ಪಟ್ಟಾದರೆ ಹಾನಿ ಸುಮಾರು ಎಂಟು ಪಟ್ಟು. ಆದ್ದರಿಂದ ಒಂದೇ ದಿನ ನಿಲ್ಲಿಸಿದ ಎರಡು ಯಂತ್ರಗಳಲ್ಲಿ ಗುಡ್ಡದ ಅಂಚಿನಲ್ಲಿ ಬಿರುಸಾದ, ಏರುಪೇರಿನ ಗಾಳಿಗೆ ಸಿಕ್ಕಿದ್ದು ಬೇಗ ದಣಿಯುತ್ತದೆ. ಮರೆಯಲ್ಲಿರುವುದಕ್ಕೆ ಖಾತೆಯಲ್ಲಿ ಇನ್ನೂ ಬಾಕಿ ಇರಬಹುದು.

ಹೀಗಾಗಿ ಆಯುಷ್ಯ ವಿಸ್ತರಣೆಯ ಪರೀಕ್ಷೆಗೆ ಎರಡು ಭಾಗ. ಒಂದು ಕಚೇರಿಯಲ್ಲಿ ಕೂತು ಮಾಡುವುದು: ಇಷ್ಟು ವರ್ಷ ನಿಜವಾಗಿ ಎಂಥ ಗಾಳಿ ಬೀಸಿತು, ಯಂತ್ರ ಎಷ್ಟು ಗಂಟೆ ಓಡಿತು, ಎಷ್ಟು ಸಲ ತುರ್ತಾಗಿ ನಿಂತಿತು ಎಂಬ ದಾಖಲೆ ಹಿಡಿದು ಆ ಖಾತೆಯ ಬಾಕಿ ಲೆಕ್ಕ ಹಾಕುವುದು. ಇನ್ನೊಂದು ಸ್ಥಳಕ್ಕೆ ಹೋಗಿ ನೋಡುವುದು. ನಾರ್ವೆಯ ಡಿಎನ್‌ವಿ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಮಾನಕವೂ ಈ ಎರಡನ್ನೂ ಕೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಥಳ ಪರೀಕ್ಷೆ ಇಲ್ಲದ ಲೆಕ್ಕ ವೋಚರ್ ಇಲ್ಲದ ಲೆಡ್ಜರ್ ಇದ್ದಂತೆ. ಕಾಗದದಲ್ಲಿ ತಾಳೆಯಾಗುತ್ತದೆ, ಅಷ್ಟೇ.

ಸ್ಥಳದಲ್ಲಿ ಏನು ನೋಡುತ್ತಾರೆ? ಕಂಬ ಮತ್ತು ಕಾಂಕ್ರೀಟು ಸೇರುವ ಜಾಗವನ್ನೇ ಹೆಚ್ಚು ನೋಡುತ್ತಾರೆ. ಸೇರಿಸಲು ಎರಡು ವಿಧಾನ ಹೆಚ್ಚಾಗಿ ಬಳಕೆಯಲ್ಲಿವೆ. ಒಂದರಲ್ಲಿ ಉದ್ದನೆಯ ಬೋಲ್ಟುಗಳನ್ನು ಪಂಜರದಂತೆ ನಿಲ್ಲಿಸಿ ಸುತ್ತ ಕಾಂಕ್ರೀಟು ಹಾಕುತ್ತಾರೆ, ಮೇಲೆ ಕಂಬ ಕೂರಿಸಿ ಬೋಲ್ಟುಗಳನ್ನು ಜಗ್ಗಿ ಬಿಗಿಮಾಡುತ್ತಾರೆ. ಇಲ್ಲಿ ಪರೀಕ್ಷೆ ಎಂದರೆ ಬಿಗಿ ಉಳಿದಿದೆಯೇ, ತುಕ್ಕು ಹಿಡಿದಿದೆಯೇ, ಕಂಬದ ಅಡಿಗೆ ತುಂಬಿದ ಗ್ರೌಟ್ ಬಿರಿದಿದೆಯೇ ಎಂದು ನೋಡುವುದು. ಬಿಗಿ ಸಡಿಲಾದ ಬೋಲ್ಟು ಪ್ರತಿ ತಟ್ಟಿಗೂ ಹಿಗ್ಗಿ ಕುಗ್ಗಿ ಬೇಗ ದಣಿಯುತ್ತದೆ. ಮಾಮುವಿನ ತೋಳು ನೋವಿಗೆ ಇದೇ ಕಾರಣ ಎಂದು ಅಮ್ಮಿ ದೂರುತ್ತಾರೆ.

ಎರಡನೆಯ ವಿಧಾನದಲ್ಲಿ ಕಂಬದ ಕೆಳತುದಿಯಂಥ ಉಕ್ಕಿನ ಉಂಗುರವನ್ನೇ ಕಾಂಕ್ರೀಟಿನೊಳಗೆ ಹೂತುಬಿಡುತ್ತಾರೆ. ಬಾವಿಗೆ ಇಳಿಸುವ ಸಿಮೆಂಟಿನ ರಿಂಗು ನೆನಪಿಸಿಕೊಳ್ಳಿ, ಅದನ್ನು ಉಕ್ಕಿನಲ್ಲಿ ಮಾಡಿದಂತೆ. ಅದರ ಕೆಳ ಅಂಚಿನಲ್ಲಿ ಅಗಲವಾದ ಚಾಚು ಇರುತ್ತದೆ. ಗಾಳಿ ನೂಕಿದಾಗ ಗಾಳಿ ಬರುವ ಕಡೆ ಉಂಗುರ ಮೇಲಕ್ಕೆ ಜಗ್ಗುತ್ತದೆ, ಎದುರು ಬದಿಯಲ್ಲಿ ಕೆಳಕ್ಕೆ ಒತ್ತುತ್ತದೆ. ಆ ಚಾಚಿನ ಮೇಲೆ ಕೆಳಗೆ ಇರುವ ಕಾಂಕ್ರೀಟು ಕೋಟಿಗಟ್ಟಲೆ ಸಲ ಜಜ್ಜಿಸಿಕೊಳ್ಳುತ್ತದೆ. ಕ್ರಮೇಣ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಕಂಬದ ಬುಡದ ಸೀಲು ಹರಿದಿದ್ದರೆ ಮಳೆ ನೀರು ಆ ಸಂದಿಗೆ ಇಳಿಯುತ್ತದೆ. ನೀರು ಇಳಿದ ಮೇಲೆ ಪಾಯ ಕೆಡುವ ವೇಗವೇ ಬದಲಾಗುತ್ತದೆ. ಉಂಗುರ ಪಂಪಿನ ದಂಡದಂತೆ ಮೇಲೆ ಕೆಳಗೆ ಆಡುತ್ತಾ ಕಾಂಕ್ರೀಟನ್ನು ಅರೆಯುತ್ತದೆ, ಅರೆದ ಸಿಮೆಂಟು ಬೂದು ಕೆಸರಾಗಿ ಮೇಲಕ್ಕೆ ಉಕ್ಕುತ್ತದೆ, ಸಂದು ಇನ್ನಷ್ಟು ದೊಡ್ಡದಾಗುತ್ತದೆ. ಯೂರೋಪಿನಲ್ಲಿ ವಿನ್ಯಾಸದ ಆಯುಷ್ಯ ಮುಗಿಯುವ ಎಷ್ಟೋ ಮೊದಲೇ ಇಂಥ ಪಾಯಗಳನ್ನು ದುರಸ್ತಿ ಮಾಡಬೇಕಾಗಿ ಬಂದದ್ದುಂಟು. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಉಂಗುರದ ಆಟವನ್ನು ಅಳೆಯಲೆಂದೇ ಸಂವೇದಕಗಳನ್ನು ಅಳವಡಿಸಿ ಅಧ್ಯಯನ ಮಾಡಿದ್ದಾರೆ.

ಆದ್ದರಿಂದ ಕಂಬದ ಬುಡದ ಸುತ್ತ ಒಣಗಿದ ಬೂದು ಪುಡಿ ಅಥವಾ ಕೆಸರಿನ ಗೆರೆ ಕಂಡರೆ ಅದು ಕೊಳೆ ಎಂದು ಒರೆಸಿಬಿಡುವಂಥದ್ದಲ್ಲ. ಒಳಗೆ ಕಾಂಕ್ರೀಟು ಅರೆಯುತ್ತಿದೆ ಎಂಬುದರ ಗುರುತು ಅದು. ಬಿಳಿ ಸುಣ್ಣದ ಕಲೆ ಇದ್ದರೆ ಬಿರುಕಿನ ಮೂಲಕ ನೀರು ಹಾದುಹೋಗುತ್ತಿದೆ ಎಂದು ಅರ್ಥ. ಬಿರುಕುಗಳ ಅಗಲವನ್ನು ಗೆರೆ ಹಾಕಿದ ಪಾರದರ್ಶಕ ಪಟ್ಟಿ ಇಟ್ಟು ಅಳೆದು, ದಿನಾಂಕ ಬರೆದು, ಫೋಟೋ ತೆಗೆದಿಡುತ್ತಾರೆ. ಬಿರುಕು ಇಲ್ಲದ ಕಾಂಕ್ರೀಟು ಬಹಳ ಅಪರೂಪ. ಅದು ಕಳೆದ ವರ್ಷಕ್ಕಿಂತ ಬೆಳೆದಿದೆಯೇ ಎಂಬುದೇ ಪ್ರಶ್ನೆ.

ಕಾಂಕ್ರೀಟಿನ ಒಳಗನ್ನು ಒಡೆಯದೆ ನೋಡಲು ಕೆಲವು ಸರಳ ಪರೀಕ್ಷೆಗಳಿವೆ. ಸ್ಪ್ರಿಂಗ್ ಸುತ್ತಿಗೆಯಿಂದ ಹೊಡೆದು ಎಷ್ಟು ಪುಟಿಯುತ್ತದೆ ಎಂದು ನೋಡುವುದು ಒಂದು. ಇದು ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ಇನ್ನೊಂದು ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ ವೇಗ ಅಳೆಯುವುದು. ನಮ್ಮ ದೇಶದಲ್ಲಿ ಬಹುಕಾಲ ಬಳಸಿದ ಐಎಸ್ 13311ರ ಪ್ರಕಾರ ಸೆಕೆಂಡಿಗೆ 4.5 ಕಿಲೋಮೀಟರ್ ಮೀರಿದರೆ ಅತ್ಯುತ್ತಮ, 3.5ರಿಂದ 4.5 ಒಳ್ಳೆಯದು, 3ಕ್ಕಿಂತ ಕಡಿಮೆಯಾದರೆ ಸಂದೇಹ. ಒಳಗೆ ಪೊಳ್ಳು, ಬಿರುಕು ಇದ್ದರೆ ಅಲೆ ಬಳಸಿ ಬರುವುದರಿಂದ ತಡವಾಗುತ್ತದೆ. ಸಂದೇಹ ಬಂದ ಕಡೆ ಕೊರೆದು ಒಂದು ಕೋಲಿನಂಥ ತುಂಡು ತೆಗೆದು ಪ್ರಯೋಗಾಲಯದಲ್ಲಿ ಒತ್ತಿ ಒಡೆಯುತ್ತಾರೆ. ಆ ಹಸಿ ತುಂಡಿನ ಮೇಲೆ ಫಿನಾಫ್ಥಲೀನ್ ಹಚ್ಚುವುದೂ ಉಂಟು. ಸೈನ್ಸಿನವರು ಟೈಟ್ರೇಷನ್‌ನಲ್ಲಿ ಹಾಕುತ್ತಾರಲ್ಲ, ಅದೇ. ಗುಲಾಬಿಯಾದರೆ ಕಾಂಕ್ರೀಟು ಇನ್ನೂ ಕ್ಷಾರೀಯ, ಒಳಗಿನ ಕಂಬಿಗೆ ರಕ್ಷಣೆ ಇದೆ. ಬಣ್ಣ ಬಾರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಆಳಕ್ಕೆ ಇಳಿದಿದೆ, ಅಲ್ಲಿನ ಕಂಬಿಗೆ ತುಕ್ಕು ಹಿಡಿಯಬಹುದು.

ಇವೆಲ್ಲ ಕಾಂಕ್ರೀಟಿನ ಸಂಗತಿಯಾಯಿತು. ಪಾಯ ಮತ್ತು ಅದರಡಿಯ ನೆಲ ಒಟ್ಟಿಗೆ ಎಷ್ಟು ಬಿಗಿಯಾಗಿ ಹಿಡಿದಿವೆ ಎಂದು ತಿಳಿಯಲು ಕಂಬದ ತೂಗಾಟವನ್ನೇ ಅಳೆಯಬಹುದು. ಪ್ರತಿ ಕಂಬಕ್ಕೂ ಉಯ್ಯಾಲೆಯಂತೆ ತನ್ನದೇ ಆದ ಒಂದು ತೂಗಾಟದ ವೇಗವಿದೆ. ಬುಡ ಸಡಿಲಾದರೆ ಆ ತೂಗಾಟ ನಿಧಾನವಾಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಅದು ಮತ್ತೂ ಮೇಲೆ ಹೋಗುತ್ತದಲ್ಲವೇ? ರೆಕ್ಕೆಗಳ ತಟ್ಟು ಮತ್ತು ಕಂಬದ ತೂಗಾಟ ಹಾಗೆ ಹೊಂದಿಕೆಯಾಗಬಾರದೆಂದು ವಿನ್ಯಾಸದಲ್ಲಿ ಇವೆರಡನ್ನೂ ದೂರ ಇಟ್ಟಿರುತ್ತಾರೆ. ಬುಡ ಸಡಿಲಾದರೆ ಆ ಅಂತರ ಕಡಿಮೆಯಾಗಬಹುದು. ಯಂತ್ರ ನಿಲ್ಲಿಸಿದ ಹೊಸದರಲ್ಲಿ ಈ ವೇಗವನ್ನು ಅಳೆದು ಬರೆದಿಟ್ಟಿದ್ದರೆ ಇಂದು ಹೋಲಿಸುವುದು ಸುಲಭ. ಓಪನಿಂಗ್ ಬ್ಯಾಲೆನ್ಸ್ ಬರೆಯದೆ ಖಾತೆ ಶುರುಮಾಡಿದರೆ ಆಗುವ ಪಜೀತಿ ನಮಗೆಲ್ಲ ಗೊತ್ತಲ್ಲ.

ನೆಲದ ಬಗೆಯೂ ಮುಖ್ಯ. ನಮ್ಮ ಗುಡ್ಡಗಳ ಮೇಲೆ ಕಲ್ಲು ಸಿಗುತ್ತದೆ. ಬಯಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಮಳೆಗಾಲದ ಮೊದಲು, ನಂತರ, ಎರಡು ಸಲ ಲೆವೆಲ್ ಹಿಡಿದು ಪಾಯ ವಾಲಿದೆಯೇ ಎಂದು ನೋಡಬೇಕು.

ಇದೆಲ್ಲ ಈಗ ಏಕೆ ಮುಖ್ಯ? ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2023ರ ಡಿಸೆಂಬರಿನಲ್ಲಿ ಹಳೆಯ ಗಾಳಿಯಂತ್ರಗಳಿಗಾಗಿ ಒಂದು ನೀತಿ ಹೊರಡಿಸಿತು. ಅದರಲ್ಲಿ ಎರಡು ದಾರಿಗಳಿವೆ: ಹಳೆಯದನ್ನು ಕಳಚಿ ಹೊಸ ದೊಡ್ಡ ಯಂತ್ರ ಹಾಕುವುದು ಅಥವಾ ದುರಸ್ತಿ ಮಾಡಿ ಆಯುಷ್ಯ ವಿಸ್ತರಿಸುವುದು. ಹೊಸದನ್ನು ಹಾಕಿದರೆ ಹಳೆಯ ಪಾಯ ಸಾಲುವುದಿಲ್ಲ. ರೆಕ್ಕೆಯ ವೃತ್ತದ ವ್ಯಾಸ ಎರಡು ಪಟ್ಟಾದರೆ ಗಾಳಿಗೆ ಸಿಗುವ ವಿಸ್ತೀರ್ಣ ನಾಲ್ಕು ಪಟ್ಟು, ಕಂಬವೂ ಎತ್ತರ. ಹೊಸ ಪಾಯವನ್ನೇ ಹಾಕಬೇಕು. ಆಯುಷ್ಯ ವಿಸ್ತರಣೆ ಅಗ್ಗ, ಆದ್ದರಿಂದ ಮಾಲೀಕರಿಗೆ ಆಕರ್ಷಕ. ಬ್ಯಾಂಕ್ ಸಾಲ ತೀರಿದ ಯಂತ್ರ ಓಡಿದಷ್ಟೂ ಲಾಭವೇ. ರೆಕ್ಕೆ, ಗೇರ್‌ಬಾಕ್ಸ್, ಜನರೇಟರ್ ಕೆಟ್ಟರೆ ಬದಲಿಸಬಹುದು. ಬದಲಿಸಲಾಗದ ಭಾಗ ಪಾಯ. ಕಣ್ಣಿಗೆ ಕಾಣದ್ದೂ ಅದೇ, ಪರೀಕ್ಷೆಯ ಖರ್ಚು ಉಳಿಸೋಣ ಎಂದಾಗ ಮೊದಲು ಬಿಟ್ಟುಹೋಗುವುದೂ ಅದೇ ಎಂಬುದು ನನ್ನ ಅನುಮಾನ. ಒಂದು ಲೆಕ್ಕಿಗನ ಕಣ್ಣಿನಿಂದ ನೋಡಿದರೂ ಇದು ತಪ್ಪು ಉಳಿತಾಯ. ಸಂದು ಸಣ್ಣದಿದ್ದಾಗ ಎಪಾಕ್ಸಿ ಅಥವಾ ಗ್ರೌಟ್ ಒತ್ತಿ ತುಂಬಿ, ಸೀಲು ಹಾಕಿ ಸರಿಮಾಡಬಹುದು. ಬೇಕಿದ್ದರೆ ಜೋರು ಗಾಳಿಯಲ್ಲಿ ಯಂತ್ರ ನಿಲ್ಲಿಸಿ ಪಾಯದ ಮೇಲಿನ ಹೊರೆ ಇಳಿಸಬಹುದು. ಸಂದು ದೊಡ್ಡದಾದ ಮೇಲೆ ಈ ಯಾವ ದಾರಿಯೂ ಉಳಿಯದೇ ಹೋಗಬಹುದು.

ಮಾಮು ಕೆಲಸ ಮಾಡುವ ಕಡೆ ಕಳೆದ ಜನವರಿಯಲ್ಲಿ ಒಂದು ಯಂತ್ರದ ಪಾಯವನ್ನು ಹೊರಗಿನ ಎಂಜಿನಿಯರುಗಳು ಬಂದು ಪರೀಕ್ಷಿಸಿದರು. ಅದು ಉಂಗುರ ಹೂತ ಪಾಯ. ಮಣ್ಣು ಅಗೆದು ಹಾಸಿನ ಅಂಚು ನೋಡಿದರು. ಅಲೆಯ ವೇಗ ಒಳ್ಳೆಯ ಸಾಲಿನಲ್ಲೇ ಬಂತಂತೆ. ಪಶ್ಚಿಮದ ಕಡೆ, ಅಂದರೆ ಮುಂಗಾರಿನ ಗಾಳಿ ಬರುವ ಕಡೆ, ಕಂಬದ ಬುಡದ ಸೀಲು ಒಂದು ಗೇಣಿನಷ್ಟು ಉದ್ದ ಹರಿದಿತ್ತು. ಕೆಳಗೆ ಬೂದು ಪುಡಿಯ ತೆಳು ಗೆರೆ. “ಇಷ್ಟು ವರ್ಷ ಅದನ್ನು ಧೂಳು ಅಂದುಕೊಂಡು ಕಾಲಲ್ಲಿ ಸರಿಸುತ್ತಿದ್ದೆವು ಬೇಟಾ,” ಎಂದರು ಮಾಮು. ಕಂಬಕ್ಕೂ ಕಾಂಕ್ರೀಟಿಗೂ ನಡುವೆ ಗಡಿಯಾರದಂಥ ಡಯಲ್ ಗೇಜ್ ಇಟ್ಟು ಉಂಗುರದ ಆಟ ನೋಡಿದರು. ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ.

ಮಾಮುವಿಗೆ ಖುಷಿಯಾಯಿತು. ಎಂಜಿನಿಯರು ಮಾತ್ರ ಅದನ್ನು ಒಪ್ಪಲಿಲ್ಲ. ಜನವರಿಯಲ್ಲಿ ಗಾಳಿಯೇ ಇರಲಿಲ್ಲ, ನೂಕು ಇಲ್ಲದಾಗ ಸಡಿಲು ಹಲ್ಲೂ ಗಟ್ಟಿಯಾಗಿಯೇ ಕಾಣುತ್ತದೆ ಎಂದರಂತೆ. ಯಂತ್ರ ಪೂರ್ಣ ಬಲದಲ್ಲಿ ಓಡುವಾಗ, ಗಾಳಿಯ ವೇಗವನ್ನೂ ಜೊತೆಗೇ ಬರೆದುಕೊಂಡು, ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು. ಹರಿದ ಸೀಲಿಗೆ ಹೊಸದು ಹಾಕಿದ್ದಾರೆ. ಗೇಜ್ ಇಡುವ ಜಾಗಕ್ಕೆ ಕೆಂಪು ಬಣ್ಣದಲ್ಲಿ ಗುರುತು ಮಾಡಿ ಹೋಗಿದ್ದಾರೆ. ಆಷಾಢದ ಗಾಳಿ ಶುರುವಾದ ಮೇಲೆ ಬರುತ್ತಾರಂತೆ.